ಹಾಕಿದರೆ ಒಳ್ಳೆಯದು

ನಮ್ಮ ಹುನಗುಂದದಲ್ಲಿ ಯಾರ ಮನೆಗಾದರೂ ಹೋಗಿ ಚಹಾ ಒಲ್ಲೆನೆಂದು ಹೇಳಿ ನೋಡಿ, ಗೆಳೆಯರೇ. ನಿಮ್ಮ ಮಾತು ಯಾರ ಕಿವಿಗೂ ಬೀಳುವುದಿಲ್ಲ, ‘ಒಂದ್ ಗುಟುಕರ ಕುಡೀಬೇಕ ನೋಡ್ರಿ’ ಎಂದು ಕಪ್ಪುಬಸಿಯನ್ನು ಕೈಗಿಟ್ಟೇ ತೀರುತ್ತಾರೆ. ಇಷ್ಟು ಹಟದ ಜನ ನಾವು, ಕಚೇರಿಯ ಕಾಗದದ ಮುಂದೆ ಕುಳಿತೊಡನೆ ಯಾಕೆ ಬೆಣ್ಣೆಯಷ್ಟು ಮೆತ್ತಗಾಗುತ್ತೇವೋ ನನಗೆ ಇಂದಿಗೂ ಬಗೆಹರಿದಿಲ್ಲ.

ಕುಡಿಯುವ ನೀರಿನ ಟಾಕಿ ಕಟ್ಟುವ ಮೊದಲು ಅದರ ತಾಂತ್ರಿಕ ವಿವರಣೆಯನ್ನು ಓದಿ ತಿದ್ದುವುದು ನನ್ನ ಕೆಲಸ. ಅಲ್ಲಿ ‘ಮಾಡತಕ್ಕದ್ದು’ ಎಂದರೆ ತಪ್ಪಿಸುವಂತಿಲ್ಲ. ‘ಮಾಡಿದರೆ ಒಳ್ಳೆಯದು’ ಎಂದರೆ ಏನಾದರೊಂದು ಕಾರಣ ಹೇಳಿ ಬಿಡಬಹುದು. ‘ಮಾಡಬಹುದು’ ಎಂದರೆ ಅವರವರ ಮರ್ಜಿ. ಕಮತಗಿ ಹತ್ತಿರದ ಟಾಕಿಯ ಏಣಿಗೆ, ಹತ್ತುವವರು ಹಿಡಿದುಕೊಳ್ಳಲು, ಕಬ್ಬಿಣದ ಕಟಕಟೆ ಹಾಕತಕ್ಕದ್ದು ಎಂದು ನಾನು ಬರೆದಿದ್ದೆ. ನಮ್ಮ ಸಾಹೇಬರು ಒಳ್ಳೆಯ ಮನುಷ್ಯರು, ಆ ಒಳ್ಳೆಯತನವೇ ಅವರ ರೋಗ. ‘ಗುತ್ತಿಗೆದಾರರು ನಮಗಿಂತ ಹಿರೇರದಾರ, ಅವರಿಗೆ ಹಿಂಗ ಹುಕುಂ ಮಾಡಿದ್ರ ಹೆಂಗ್ರಿ? ಹಾಕಿದ್ರ ಒಳ್ಳೇದು ಅಂತ ಬರೀರಿ, ತಾವಾಗೇ ಹಾಕ್ತಾರ’ ಎಂದರು. ನಾನು ವಾದಿಸಿ ಸೋತೆ. ಗುತ್ತಿಗೆದಾರರು ಹಾಕಲಿಲ್ಲ, ಯಾಕೆ ಹಾಕಲಿಲ್ಲವೆಂದು ಗದರಿಸುವ ಹಕ್ಕೂ ನಮಗೆ ಉಳಿದಿರಲಿಲ್ಲ.

ಆ ಟಾಕಿಯನ್ನು ಹತ್ತಿ ತೊಳೆಯುತ್ತಿದ್ದವನು ದಸ್ತಗೀರ, ನನ್ನ ಕೂಡ ಸಾಲಿ ಕಲಿತವನು. ಮಳೆ ನಿಂತ ಒಂದು ಮುಂಜಾನೆ ತೊಯ್ದ ಮೆಟ್ಟಿಲ ಮೇಲೆ ಅವನ ಕಾಲು ಜಾರಿತು. ಹಿಡಿದುಕೊಳ್ಳಲು ಏನೂ ಇರಲಿಲ್ಲ. ಬಾಗಲಕೋಟೆಯ ದವಾಖಾನಿ ಮುಟ್ಟುವುದರೊಳಗೆ ಹೋಗಿಬಿಟ್ಟ.

ಮಾತಾಡಿಸಿ ಬರಲು ಹೋದಾಗ ಅವನ ಹೆಂಡತಿ ಹಸೀನಾ, ‘ಅಣ್ಣಾ, ಕಟಕಟಿ ಹಾಕ್ರಿ ಅಂತ ಯಾರೂ ಹೇಳಿರಲಿಲ್ಲೇನ್ರಿ?’ ಎಂದು ಕೇಳಿದಳು.

‘ಹೇಳಿದ್ವಿ, ತಂಗಿ. ಹಾಕಲೇಬೇಕು ಅಂತ ಹೇಳಲಿಲ್ಲ.’

‘ಹಂಗಂದ್ರ ಎಂಥಾ ಹೇಳೂದ್ರಿ ಅದು?’

ಮೆತ್ತನೆಯ ಮಾತು ಆಡಿದವನಿಗೂ ಹಿತ, ಕೇಳಿದವನಿಗೂ ಹಿತ. ಅದರ ಭಾರವೆಲ್ಲ ಬೀಳುವುದು ಆ ಮಾತುಕತೆಯಲ್ಲಿ ಇಲ್ಲದ ಮೂರನೆಯವನ ಮೇಲೆ. ಇದನ್ನು ತಿಳಿದೂ ಏನೂ ಮಾಡಲಾಗದೆ ಕೂತಿದ್ದೇನಲ್ಲ, ಅದಕ್ಕೇ ನನಗೆ ಈ ಕೆಲಸದ ಮೇಲಿನ ಆಸೆ ಸತ್ತುಹೋಗಿದೆ.

ಮೊನ್ನೆ ಐಹೊಳೆ ಕಡೆಯ ಹೊಸ ಟಾಕಿಯ ವಿವರಣೆ ಬಂತು. ಏಣಿಯ ಕಟಕಟೆ ‘ಹಾಕತಕ್ಕದ್ದು’ ಎಂದು ತಿದ್ದಿ ಸಾಹೇಬರ ಮುಂದಿಟ್ಟೆ. ಅವರು ದಸ್ತಗೀರನನ್ನು ನೆನೆದು ಕಣ್ಣೊರೆಸಿಕೊಂಡರು. ಖರೆ ಹೇಳುತ್ತೇನೆ, ಅದು ನಾಟಕವಲ್ಲ. ಆಮೇಲೆ ಪೆನ್ನು ತೆಗೆದು ನನ್ನ ಮಾತನ್ನು ಹೊಡೆದುಹಾಕಿ, ಅದರ ಮೇಲೆ ‘ಹಾಕಿದರೆ ಬಹಳ ಒಳ್ಳೆಯದು’ ಎಂದು ಬರೆದರು.