ಅನೀಸಾ ಮಿಸ್ಸಿನ ತಿರುಗುಮುರುಗು ಅಚ್ಚು

ಅನೀಸಾಳಿಗೆ ಸುಮ್ಮನೆ ಕೂರುವುದೆಂದರೆ ಆಗದು. ಚನ್ನಪಟ್ಟಣದ ಗೊಂಬೆ ಮಾಡುವ ಮನೆಯಲ್ಲಿ ಹುಟ್ಟಿದವಳು, ಅಪ್ಪ ಇದ್ರೀಸರ ಲೇತಿನ ಸದ್ದಿನಲ್ಲೇ ಮಗ್ಗಿ ಬಾಯಿಪಾಠ ಮಾಡಿದವಳು. ಉಯ್ಯಂಬಳ್ಳಿ ಆಚೆಯ ಪುಟ್ಟ ಸರ್ಕಾರಿ ಶಾಲೆಗೆ ಕೆಲಸಕ್ಕೆ ಬಂದ ದಿನ ಬಸ್ಸಿನ ಟಾಪಿನ ಮೇಲೆ ಒಂದು ಮೂಟೆ ಹಾಕಿಸಿಕೊಂಡು ಬಂದಳು. ಗೊಂಬೆ ಮಾಡಿ ಉಳಿದ ಮರದ ತುಂಡುಗಳು.

"ಇದೇನ್ ಮೇಡಂ, ಸೌದೆನಾ?" ಅಂದ ಕಂಡಕ್ಟರ್.

"ಪಾಠ" ಅಂದಳು.

ಹಳೇ ಸೈಕಲ್ ಟ್ಯೂಬನ್ನು ಅಕ್ಷರದ ಆಕಾರಕ್ಕೆ ಕತ್ತರಿಸುವುದು, ಮರದ ತುಂಡಿಗೆ ಅಂಟಿಸುವುದು, ಸ್ಟಾಂಪ್ ಪ್ಯಾಡಿಗೆ ಒತ್ತಿ ಕಾಗದದ ಮೇಲೆ ಕುಟ್ಟುವುದು. ಇಷ್ಟೇ ಅವಳ ಅಚ್ಚು. ಅಕ್ಷರವನ್ನು ಉಲ್ಟಾ ಅಂಟಿಸಿದರೆ ತಾನೇ ನೆಟ್ಟಗೆ ಮೂಡುವುದು? ಅದನ್ನು ತಿಳಿಸಲು ಕನ್ನಡಿ ಇಟ್ಟುಕೊಂಡು ಗಂಟಲು ಹರಿದುಕೊಂಡಳು. ಮಕ್ಕಳು ಕಲಿತದ್ದೇ ತಡ, ಶಾಲೆಗೆ ಶಾಲೆಯೇ ಹುಚ್ಚೆದ್ದಿತು. ಪುಸ್ತಕದ ರಟ್ಟು, ತಮ್ಮನ ಬೆನ್ನು, ಎಮ್ಮೆಯ ಕೊಂಬು, ಎಲ್ಲಿ ನೋಡಿದರೂ ಅಕ್ಷರ.

ಶಾಲಾ ಸಮಿತಿಯ ಅಧ್ಯಕ್ಷ ಬೈರಪ್ಪನಿಗೆ ಮಾತ್ರ ಇದು ಸರಿಬರಲಿಲ್ಲ. ಮೊಮ್ಮಗಳು ಪುಟ್ಟಿ ಎರಡೂ ಕೆನ್ನೆಗೆ 'ಪು' ಕುಟ್ಟಿಸಿಕೊಂಡು ಮನೆಗೆ ಹೋದ ಮಾರನೇ ಬೆಳಿಗ್ಗೆ ಬಂದು ನಿಂತ.

"ಮೇಡಂ, ನಾವ್ ಮಕ್ಳುನ್ನ ಕಳ್ಸೋದು ಓದಕ್ಕೆ, ಮಸಿ ಬಳ್ಕಳಕ್ಕಲ್ಲ. ನೀವ್ ಅಚ್ಚು ಕುಟ್ಟಿಸ್ತೀರಲ್ಲ, ಆ ರೂಮು ಬಿಸಿಯೂಟದ ಅಕ್ಕಿ ಮೂಟೆಗೆ ಬೇಕು. ಆಗಸ್ಟ್ ಹದಿನೈದಕ್ಕೆ ಊರೋರ್ ಮುಂದೆ ತೋರ್ಸಿ, ಈ ಅಚ್ಚಿಂದ ಏನ್ ಉಪ್ಯೋಗ ಅಂತ. ಇಲ್ಲಾಂದ್ರೆ ಅವತ್ತೇ ಮೂಟೆ ಇಳಿಸ್ತೀನಿ."

ಅನೀಸಾ ತಿರುಗಿ ಆ ರೂಮಿನ ಕಡೆ ನೋಡಿದಳು. ಶಾಲೆಯಲ್ಲಿ ಪಾಠದ ಕೋಣೆ ಬಿಟ್ಟರೆ ಇದ್ದದ್ದೇ ಅದೊಂದು ರೂಮು. ಅದು ಹೋದರೆ ಅಚ್ಚೂ ಹೋದಂತೆ.

ಮಕ್ಕಳೇ ಅಚ್ಚು ಹಾಕಿದ ಆಹ್ವಾನ ಮನೆಮನೆಗೂ ಹೋದರೆ ಬೈರಪ್ಪ ಏನನ್ನಬಲ್ಲ ಎಂದು ಲೆಕ್ಕ ಹಾಕಿದಳು. ಒಂದೊಂದೇ ಅಕ್ಷರ ಕುಟ್ಟುತ್ತಾ ಕೂತರೆ ದೀಪಾವಳಿಗೂ ಮುಗಿಯದು. ಅದಕ್ಕೆ ಅಕ್ಷರಗಳನ್ನೆಲ್ಲ ಸಾಲಾಗಿ ಹಲಗೆಗೆ ಅಂಟಿಸಿದಳು. ಮೇಲಿನ ಸಾಲು 'ನಮ್ಮ ಶಾಲೆಗೆ ಬನ್ನಿ'. ಕೆಳಗೆ, ಬಾವುಟ ಹಾರಿಸುವವರು ಯಾರೆಂದು ತಿಳಿಸಲು, 'ಬಾವುಟ ಬೈರಪ್ಪ'. 'ನವರು' ಸೇರಿಸಲು ಹಲಗೆಯಲ್ಲಿ ಜಾಗ ಸಾಲಲಿಲ್ಲ. ಅಷ್ಟರಲ್ಲಿ ಅವಳು ಟೀಚರುಗಳ ಟ್ರೇನಿಂಗಿಗೆ ಹೋಗಬೇಕಿದ್ದ ಕನಕಪುರದ ಬಸ್ಸು ಬಂತು. ಅಚ್ಚು ಹಾಕಿ ಹಂಚಿಬಿಡಿ ಎಂದು ಮಕ್ಕಳಿಗೆ ಹೇಳಿ ಓಡಿದಳು.

ಮಾರನೆಯ ದಿನ ಬಸ್ಸಿಳಿದರೆ ಪುಟ್ಟಿ ಕೈಮುಗಿದು ನಿಂತಿದ್ದಾಳೆ. "ಸ್ತೆಮನ, ಸಾನೀಅ ಮಿಸ್."

ಅನೀಸಾ ಪುಟ್ಟಿಯ ಕೈಯಲ್ಲಿದ್ದ ಕಾಗದ ಕಿತ್ತುಕೊಂಡು ನೋಡಿದಳು. 'ನ್ನಿಬ ಗೆಲೆಶಾ ಮ್ಮನ. ಪ್ಪರಬೈ ಟವುಬಾ.' ಒಂದೊಂದು ಅಕ್ಷರವೂ ಮುತ್ತಿನ ಹಾಗೆ ನೆಟ್ಟಗೆ ಮೂಡಿತ್ತು. ಅಕ್ಷರವನ್ನು ಉಲ್ಟಾ ಮಾಡಿದ ಪುಣ್ಯಾತ್ಗಿತ್ತಿ ಸಾಲನ್ನು ಉಲ್ಟಾ ಮಾಡುವುದನ್ನೇ ಮರೆತಿದ್ದಳು.

ಹಂಚಿದ್ದು ಹಂಚಿಯಾಗಿತ್ತು. ಊರು ಮೊದಲು ಅದನ್ನು ತೆಲುಗು ಅಂದುಕೊಂಡಿತು. ಆಮೇಲೆ ಮಕ್ಕಳು ಜಗಲಿ ಜಗಲಿಗೆ ಹೋಗಿ, ಹಿಂದಿನಿಂದ ಓದುವುದನ್ನು ಹೇಳಿಕೊಟ್ಟವು. ಸಂಜೆ ಹಾರೋಹಳ್ಳಿಯಿಂದ ಗಾರ್ಮೆಂಟ್ಸ್ ಕೆಲಸದ ಹೆಂಗಸರ ವ್ಯಾನು ಬರುವ ಹೊತ್ತಿಗೆ ಊರಿನ ನಾಲಿಗೆಯೇ ತಿರುಗಿತ್ತು. ವ್ಯಾನಿಳಿದ ವರಲಕ್ಷ್ಮಮ್ಮ ತನ್ನ ಹೆಸರನ್ನು ತಿರುಗಿಸಹೋಗಿ 'ಮ್ಮಕ್ಷ್ಮಲರವ' ಅನ್ನಲಾರದೆ ಉಸಿರುಕಟ್ಟಿ ನಕ್ಕಳು. ಕನಕ ಎಂಬ ಹುಡುಗಿಯೊಬ್ಬಳು ಮಾತ್ರ ತನ್ನ ಹೆಸರು ಹೇಗೆ ತಿರುಗಿಸಿದರೂ ಬಗ್ಗದು ಎಂದು ಬೀಗಿಕೊಂಡು ಓಡಾಡಿದಳು. ಅನೀಸಾಳಿಗೂ ನಗು ಬರುತ್ತಿತ್ತು, ಆದರೆ ಬೈರಪ್ಪನ ನೆನಪಾದೊಡನೆ ಮಾಯವಾಗುತ್ತಿತ್ತು.

ಆಗಸ್ಟ್ ಹದಿನೈದಕ್ಕೆ ಎಂದೂ ಬಾರದ ಊರು ಅಂದು ಬಂತು. ಬೈರಪ್ಪ ಬಾವುಟ ಹಾರಿಸಿ, ಜೇಬಿನಿಂದ ಕಾಗದ ತೆಗೆದ.

"ಟೀ ಅಂಗ್ಡೀಗ್ ಹೋದ್ರೂ ಪ್ಪರಬೈ, ಹೊಲುಕ್ ಹೋದ್ರೂ ಪ್ಪರಬೈ. ಇದೇ ಏನ್ ಮೇಡಂ ನಿಮ್ ಅಚ್ಚಿನ ಉಪ್ಯೋಗ?"

"ತಪ್ಪು ನಂದು. ಮಕ್ಕಳದ್ದು ಏನೂ ಇಲ್ಲ" ಅಂದಳು ಅನೀಸಾ. ಕಣ್ಣು ತುಂಬಿಬಂತು. ಗೇಟಿನ ಹತ್ತಿರ ಅಕ್ಕಿ ಮೂಟೆಯ ಗಾಡಿ ಆಗಲೇ ನಿಂತಿತ್ತು.

ಆಗ ಹೆಂಗಸರ ನಡುವಿನಿಂದ ಒಂದು ದನಿ ಎದ್ದಿತು. "ಏ ಪ್ಪರಬೈ, ಆ ರೂಮ ಮಕ್ಳಿಗೆ ಬುಟ್ಕೊಡಿ."

ಬೈರಪ್ಪನ ಹೆಂಡತಿ ಬೋರಮ್ಮ. ಮೊಮ್ಮಗಳು ಶಾಲೆಗೆ ಹೋಗುವ ಕಾಲ ಬಂದರೂ ಗಂಡನ ಹೆಸರನ್ನು ನಾಲಿಗೆಯ ಮೇಲೆ ತಂದವಳಲ್ಲ. ಅವರು, ಇವರು, ಪುಟ್ಟಿ ತಾತ, ಇಷ್ಟರಲ್ಲೇ ಕಾಲ ಹಾಕಿದವಳು. ಗಂಡನ ಹೆಸರು ಹಿಡಿಯಬಾರದು, ಒಪ್ಪಿದೆವು. ಆದರೆ ಪ್ಪರಬೈ ಅನ್ನುವುದು ಗಂಡನ ಹೆಸರಲ್ಲವಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದು, ಮೈಯೆಲ್ಲ ಕುಲುಕುವಂತೆ ನಗುತ್ತಿದ್ದಳು.

ಊರೆಲ್ಲ ಬೈರಪ್ಪನ ಕಡೆ ತಿರುಗಿತು. ಬೈರಪ್ಪನ ಕಿವಿ ಕೆಂಪಾಯಿತು. ಕಾಗದ ಮಡಿಚಿದ, ಬಿಚ್ಚಿದ. ಗಾಡಿಯವನಿಗೆ ಮೂಟೆಗಳನ್ನು ತನ್ನ ಮನೆ ಜಗಲಿಗೆ ಇಳಿಸುವಂತೆ ಕೈಸನ್ನೆ ಮಾಡಿದ. ಅನೀಸಾ ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟಳು. ಬೈರಪ್ಪನಿಗೆ ಅದು ಕಾಣಲೇ ಇಲ್ಲ. ಅವನು ಹೆಂಗಸರ ಕಡೆ ಎರಡು ಹೆಜ್ಜೆ ಹೋಗಿ, ತಗ್ಗಿದ ದನಿಯಲ್ಲಿ ಕೇಳಿದ.

"ಏನಂದೆ? ಇನ್ನೊಂದ್ ಸಲ ಕರಿ."