ದೊರೆಸಾನಿಯ ಶಿಫಾರಸು ಪತ್ರ

ನನ್ನ ತಂಗಿ ಡಾಕ್ಟರ್ ಓದಿನ ಕೊನೆಯ ವರ್ಷಕ್ಕೆ ಬಂದಮೇಲೂ ಮನೆಯಲ್ಲಿ ಅವಳನ್ನು ದೊರೆಸಾನಿ ಎಂದೇ ಕರೆಯುತ್ತಿದ್ದೆವು. ಗೌರವದಿಂದಲ್ಲ. ಒಂದು ಲೋಟ ನೀರು ತರಲು ಹೇಳಿದರೆ ಬಾವಿ ತೋಡಿಸಿ ತರುವಷ್ಟು ಹೊತ್ತು ಮಾಡುತ್ತಿದ್ದಳು. ಅವಳು ಬಚ್ಚಲುಮನೆಗೆ ಹೊಕ್ಕರೆ ಉಳಿದವರು ಹೊರಗೆ ಸಾಲುಗಟ್ಟಿ ನಿಂತು ಜಪ ಮಾಡಬೇಕು. ಇಬ್ಬರು ಹೆಣ್ಣುಮಕ್ಕಳಿಗೆ ಸೇರಿ ಕೊಟ್ಟಿದ್ದ ಚುರುಕನ್ನೆಲ್ಲ ದೊಡ್ಡವಳೇ ಬಾಚಿಕೊಂಡು ಬಂದಳು ಎಂದು ಅಮ್ಮ ಹೇಳುತ್ತಿದ್ದಳು. ದೊಡ್ಡವಳು ಎಂದರೆ ನಾನು. ಚುರುಕಿನ ಜೊತೆ ಬಾಯಿಯನ್ನೂ ನಾನೇ ಬಾಚಿಕೊಂಡೆ ಎನ್ನುವುದು ಬೀದಿಯವರ ಅಭಿಪ್ರಾಯ.

ಅಪ್ಪ ದರ್ಜಿ. ಕೆಳಗೆ ಅಂಗಡಿ, ಮೇಲೆ ಮನೆ. ಓದು ನನಗೆ ಒಗ್ಗಲಿಲ್ಲ, ಹಾಗಾಗಿ ಕಾಜ, ಗುಂಡಿ, ಅಂಚು ಮಡಿಸುವುದು, ಗಿರಾಕಿಗಳೊಂದಿಗೆ ಇಂಗ್ಲಿಷು ಮತ್ತು ಜಗಳ ಎಲ್ಲವೂ ನನ್ನ ಪಾಲಿಗೆ ಬಂದವು. ಅಂಗಡಿಯಲ್ಲಿ ಒಂದು ನಿಲುವುಗನ್ನಡಿ ಇದೆ. ಅದರ ಮುಂದೆ ಯಾರೇ ಬಂದು ನಿಂತರೂ ಅಪ್ಪ ಅವರನ್ನು ಹೊಗಳಿದ್ದಿಲ್ಲ. ಮದುವೆಗೆ ಕೋಟು ಹೊಲಿಸಲು ಬಂದ ವರನಿಗೂ "ಎಡಭುಜ ಅರ್ಧ ಇಂಚು ಇಳಿದಿದೆ, ಹೊಟ್ಟೆ ಮುಂದಿದೆ, ಬೆನ್ನು ಗೂನು" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದರು. ಕೊರತೆ ಎಲ್ಲಿದೆ ಎಂದು ತಿಳಿಯದೆ ಕತ್ತರಿ ಹಾಕಿದರೆ ಬಟ್ಟೆ ಮೈಗೆ ಕೂರುವುದಿಲ್ಲ ಎನ್ನುವುದು ಅವರ ಸಿದ್ಧಾಂತ. ಅದೇ ಸಿದ್ಧಾಂತ ಮೆಟ್ಟಿಲು ಹತ್ತಿ ಮನೆಗೂ ಬಂದಿತ್ತು. ಅಮ್ಮನ ಅಡುಗೆಗೆ "ಪರವಾಗಿಲ್ಲ", ನನ್ನ ಕಾಜಕ್ಕೆ "ಪರವಾಗಿಲ್ಲ". ದೊರೆಸಾನಿಗೆ ವೈದ್ಯಕೀಯ ಸೀಟು ಸಿಕ್ಕಿದ ದಿನ ಮಾತ್ರ ತುಂಬ ಹೊತ್ತು ಯೋಚಿಸಿ "ಸರಿ, ಪರವಾಗಿಲ್ಲ" ಎಂದರು. ಆ "ಸರಿ" ಎಂಬ ಹೆಚ್ಚಿನ ಪದವನ್ನು ಅಮ್ಮ ಬಂಧುಗಳಿಗೆಲ್ಲ ಫೋನು ಮಾಡಿ ಹೇಳಿದಳು.

ಕೊನೆಯ ವರ್ಷದವರು ಕೆಲವು ವಾರ ತಮಗಿಷ್ಟವಾದ ಬೇರೆ ಆಸ್ಪತ್ರೆಗೆ ಹೋಗಿ ಕೆಲಸ ಕಲಿಯಬಹುದು. ಅದಕ್ಕೆ ಇಲೆಕ್ಟಿವ್ ಎನ್ನುತ್ತಾರೆ. ಬೇಕಿದ್ದರೆ ಹೊರದೇಶಕ್ಕೂ ಹೋಗಬಹುದು, ಆದರೆ ಅಲ್ಲಿಯವರನ್ನು ಒಪ್ಪಿಸುವುದು ನಮ್ಮ ತಲೆನೋವು. ಅವಳ ಜೊತೆಯವರು ಫೋಟೋ ಚೆನ್ನಾಗಿ ಬರುವ ಊರುಗಳನ್ನು ಮೊದಲು ಆರಿಸಿ, ಆಮೇಲೆ ಅಲ್ಲಿ ಆಸ್ಪತ್ರೆ ಇದೆಯೇ ಎಂದು ಹುಡುಕಿದರು. ದೊರೆಸಾನಿ ಹಟ ಹಿಡಿದದ್ದು ಹೊರದೇಶದ ಒಂದೇ ಆಸ್ಪತ್ರೆಗೆ. ಅಲ್ಲಿ ಕೈಗಳಿಗೆಂದೇ ಒಂದು ವಿಭಾಗವಿತ್ತು. ಕತ್ತರಿಸಿಹೋದ ಬೆರಳು, ನಜ್ಜುಗುಜ್ಜಾದ ಅಂಗೈ, ಇವನ್ನು ಜೋಡಿಸಿ ಮತ್ತೆ ಕೆಲಸಕ್ಕೆ ಬರುವಂತೆ ಮಾಡುವುದೇ ಅಲ್ಲಿಯವರ ಕಸುಬು.

ಇದಕ್ಕೆ ಕಾರಣ ಅವಳ ವಾರ್ಡಿನಲ್ಲಿದ್ದ ಒಬ್ಬ ಬಡಗಿ. ಗರಗಸಕ್ಕೆ ಸಿಕ್ಕ ಅವನ ಬಲಗೈಯ ಗಾಯ ಮಾಯಿತು, ಆದರೆ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. "ಚರ್ಮ ಹೊಲಿದ್ರು ಅಕ್ಕ, ಒಳಗಡೆ ಬೆರಳು ಎಳೆಯೋ ದಾರ ಇರುತ್ತಲ್ಲ, ಅದನ್ನ ಸರಿಯಾಗಿ ಕೂಡಿಸೋರು ನಮ್ಮಲ್ಲಿ ಯಾರೂ ಇಲ್ಲ," ಎಂದಳು. ಆ ಬಡಗಿ ಮನೆಗೆ ಹೋಗುವಾಗ ಕೈ ಕುಲುಕಲು ಇವಳಿಗೆ ತನ್ನ ಎಡಗೈ ಕೊಟ್ಟು ಹೋದನಂತೆ. ಅದನ್ನು ಹೇಳಿದ ದಿನ ಅವಳು ಊಟ ಮಾಡಲಿಲ್ಲ. ಆ ಆಸ್ಪತ್ರೆಗೆ ಹೋಗುವುದು ಅವಳಿಗೆ ಪ್ರವಾಸವಲ್ಲ ಎಂದು ನನಗೆ ಅವತ್ತೇ ಗೊತ್ತಾಯಿತು. ಅವರು ಒಂದು ಸಲಕ್ಕೆ ಹೊರಗಿನ ಒಬ್ಬರನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದರು. ಮೊದಲು ನಿಮ್ಮ ಕಾಲೇಜಿನ ವಿಭಾಗದ ಮುಖ್ಯಸ್ಥರ ಶಿಫಾರಸು ಪತ್ರ ಬರಲಿ, ಮೆಚ್ಚಿಗೆಯಾದರೆ ವಿಡಿಯೋದಲ್ಲಿ ಮಾತಾಡೋಣ ಎಂದು ಉತ್ತರ ಬಂತು.

ಅವಳ ಕಾಲೇಜಿನಲ್ಲಿ ಶಿಫಾರಸು ಪತ್ರಕ್ಕೆ ಒಂದು ಪದ್ಧತಿ ಇತ್ತು. ಮುಖ್ಯಸ್ಥರು ಬರೆಯುವುದಿಲ್ಲ. "ನೀನೇ ಬರ್ಕೊಂಡು ಬಾ, ಸಹಿ ಹಾಕ್ತೀನಿ" ಎನ್ನುತ್ತಾರೆ. ಹೀಗಾಗಿ ಒಂದೇ ವರ್ಷದಲ್ಲಿ ಆ ಮನುಷ್ಯ ತನ್ನ ಜೀವಮಾನದ ಅತ್ಯಂತ ಪ್ರತಿಭಾವಂತ ವಿದ್ಯಾರ್ಥಿಯನ್ನು ಆರೇಳು ಸಲ ಕಂಡಿದ್ದರು. ಅವರಲ್ಲಿ ಇಬ್ಬರು ಆ ವರ್ಷ ಫೇಲಾಗಿದ್ದರು.

ದೊರೆಸಾನಿ ಅಂಗಡಿಯ ಕತ್ತರಿಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. "ಈ ವಿದ್ಯಾರ್ಥಿನಿಯು" ಎಂದು ಬರೆದು ನಿಂತಳು. ನಾನು ಎರಡು ಕಾಜ ಮುಗಿಸಿ ನೋಡಿದರೂ ಅಷ್ಟೇ ಇತ್ತು.

"ಅಪ್ರತಿಮ ಬುದ್ಧಿವಂತೆ ಅಂತ ಹಾಕೇ," ಎಂದೆ.

"ಅಲ್ವಲ್ಲ."

"ಎಲ್ಲರೂ ಹಾಕ್ತಾರೆ. ನಿನ್ನ ಗಂಟೇನು ಹೋಗುತ್ತೆ?"

"ನನ್ನ ಬಗ್ಗೆ ನಾನೇ ಹೆಂಗೆ ಅಕ್ಕ ಬರೀಲಿ? ನಾಚಿಕೆಯಾಗುತ್ತೆ."

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ ಅಪ್ಪ ಒಂದೊಂದೇ ಸೂಜಿ ತೆಗೆದಿಟ್ಟು, "ಅಳತೆ ತಗೊಳ್ಳದೆ ಹೊಲಿಯೋಕೆ ಕೂತ್ರೆ ಇನ್ನೇನಾಗುತ್ತೆ? ಮೊದಲು ಕೊರತೆ ಬರ್ಕೋ. ಆಮೇಲೆ ಮೇಲಿನ ಬಟ್ಟೆ ನೋಡೋಣ. ನಾನು ಹೇಳ್ತೀನಿ," ಎಂದರು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನಗು ತಡೆಯಲಾಗುವುದಿಲ್ಲ. ಅವಳೇ ಮನೆಯಲ್ಲಿ ಹೇಳಿಕೊಂಡಿದ್ದ ಆಸ್ಪತ್ರೆಯ ಕತೆಗಳನ್ನೆಲ್ಲ ಅಪ್ಪ ಗಿರಾಕಿಯ ಅಳತೆ ಕೂಗುವ ದನಿಯಲ್ಲೇ ಕೂಗಿದರು, ಅವಳು ತಲೆ ತಗ್ಗಿಸಿಕೊಂಡು ಇಂಗ್ಲಿಷಿನಲ್ಲಿ ಬರೆದುಕೊಂಡಳು. ಈಕೆ ನಿಧಾನ. ರೋಗಿಯ ಮಾತು ಮುಗಿಯುವವರೆಗೆ ಮಂಚದ ಪಕ್ಕದಿಂದ ಏಳುವುದಿಲ್ಲ, ಆದ್ದರಿಂದ ಯಾವಾಗಲೂ ಉಳಿದವರಿಗಿಂತ ಹಿಂದೆ. ಗಾಯಕ್ಕೆ ಹಾಕಿದ ಹೊಲಿಗೆ ಸರಿಬಾರದಿದ್ದರೆ ಯಾರೂ ಹೇಳದಿದ್ದರೂ ಬಿಚ್ಚಿ ಮತ್ತೆ ಹಾಕುತ್ತಾಳೆ, ಹೊತ್ತು ಹಾಳು. "ಹಿರಿಯರಿಗೆ ಎದುರು ಮಾತಾಡ್ತಾಳೆ, ಅದನ್ನೂ ಬರಿ," ಎಂದು ಅಮ್ಮ ಮೆಟ್ಟಿಲ ಮೇಲಿಂದ ಸೇರಿಸಿದಳು. ದೊಡ್ಡವರು ತಪ್ಪು ಹೇಳಿದರೆ ವಾದ ಮಾಡುತ್ತಾಳೆ, ಆಮೇಲೆ ಕ್ಷಮೆ ಕೇಳುತ್ತಾಳೆ, ಆದರೆ ಅಭಿಪ್ರಾಯ ಬದಲಿಸುವುದಿಲ್ಲ. ನಾನೂ ಸುಮ್ಮನಿರಲಿಲ್ಲ. ಬಚ್ಚಲಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ವಾಪಸು ಬರುತ್ತಾಳೆ ಎಂದು ಹೇಳಿಕೊಟ್ಟವಳು ನಾನೇ.

ಮೇಲಿನ ಬಟ್ಟೆ, ಅಂದರೆ ಹೊಗಳಿಕೆ, ಮಾರನೆಯ ದಿನ ಸೇರಿಸುವುದೆಂದು ಮಾತಾಯಿತು. ಆದರೆ ಬೆಳಿಗ್ಗೆ ಅವಳು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮುಖ್ಯಸ್ಥರು ರಜೆಯ ಮೇಲೆ ಹೊರಟು ಕಾರಿನ ಬಾಗಿಲಲ್ಲಿ ಒಂದು ಕಾಲಿಟ್ಟಿದ್ದರು. ಇವಳು ಕೈಯಲ್ಲಿದ್ದುದನ್ನೇ ಚಾಚಿದಳು. ಅವರು ಕಾರಿನ ಬಾನೆಟ್ ಮೇಲೆ ಕಾಗದ ಇಟ್ಟು, "ಚೆನ್ನಾಗಿ ಬರ್ದಿದ್ದೀಯ ತಾನೆ?" ಎಂದರು.

"ಅಳತೆ ಸರಿಯಾಗಿದೆ ಸರ್," ಎಂದಳಂತೆ ನನ್ನ ತಂಗಿ.

ಅವರು ಓದದೆ ಸಹಿ ಹಾಕಿದರು. ಅವರ ಕಾರ್ಯದರ್ಶಿ ಅದನ್ನು ಆಗಲೇ ಹೊರದೇಶಕ್ಕೆ ಕಳಿಸಿಬಿಟ್ಟ. ಸಂಜೆ ಸುದ್ದಿ ಕೇಳಿ ನಾನು ಕತ್ತರಿ ಕೆಳಗೆ ಹಾಕಿದೆ. "ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಂಡ್ಯಲ್ಲೇ! ನಿನ್ನೇನೇ ಮುಗಿಸೋಕೆ ಏನಾಗಿತ್ತು?" ಎಂದು ಬೈದೆ. ಅಪ್ಪ ಇಡೀ ಸಂಜೆ ಅಂಗಿಯ ಒಂದೇ ತೋಳನ್ನು ಇಸ್ತ್ರಿ ಮಾಡುತ್ತಿದ್ದರು.

ಹಾಗಿದ್ದರೂ ವಿಡಿಯೋ ಮಾತುಕತೆಗೆ ಕರೆ ಬಂತು. ಯಾಕೆ ಕರೆದರೋ, ಬೈಯಲೆಂದೇ ಕರೆದಿರಬೇಕು ಎಂದುಕೊಂಡೆವು. ಭಾನುವಾರ ಮಧ್ಯಾಹ್ನ ಮೇಲಿನ ಕೋಣೆಯಲ್ಲಿ ಎಲ್ಲ ಏರ್ಪಾಡಾಯಿತು. ಇಂಟರ್ನೆಟ್ ಕೈಕೊಟ್ಟರೆ ನೋಡಿಕೊಳ್ಳಲು ನಾನು ಮೇಜಿನ ಪಕ್ಕ. ಕ್ಯಾಮೆರಾಕ್ಕೆ ಕಾಣದಂತೆ ಮಂಚದ ಮೇಲೆ ಅಮ್ಮ, ಉಸಿರಾಡುವುದಕ್ಕೂ ಹೆದರಿಕೊಂಡು. ಅಂಗಡಿಯಲ್ಲೇ ಇರುತ್ತೇನೆ ಎಂದಿದ್ದ ಅಪ್ಪ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಹುಡುಕುವ ನೆಪದಲ್ಲಿ ಮೇಲೆ ಬಂದು ಬಾಗಿಲಲ್ಲೇ ನಿಂತರು.

ಪರದೆಯ ಮೇಲೆ ಗಿಡ್ಡ ಬಿಳಿಕೂದಲಿನ ಒಬ್ಬ ಹಿರಿಯ ಡಾಕ್ಟರಮ್ಮ ಮೂಡಿದಳು. ಆ ವಿಭಾಗದ ಯಜಮಾನಿ ಅವಳೇ. ಕನ್ನಡಕ ಹಣೆಯಿಂದ ಇಳಿಸಿಕೊಂಡು ಪತ್ರವನ್ನು ಇಂಗ್ಲಿಷಿನಲ್ಲಿ ಓದತೊಡಗಿದಳು.

"ನೀನು ನಿಧಾನ ಎಂದು ನಿಮ್ಮ ಪ್ರೊಫೆಸರ್ ಬರೆದಿದ್ದಾರೆ. ನಿಜವೇ?"

"ಹೌದು ಮೇಡಂ."

"ವಾದ ಮಾಡುತ್ತೀಯಂತೆ."

"ಹೌದು ಮೇಡಂ."

"ಅಳುತ್ತೀಯಂತೆ."

"ಬಚ್ಚಲಲ್ಲಿ ಮಾತ್ರ ಮೇಡಂ. ವಾರ್ಡಿನಲ್ಲಿ ಅಲ್ಲ."

ಗಿರಾಕಿಗಳ ದಯೆಯಿಂದ ಅಪ್ಪನಿಗೆ ಸ್ಲೋ, ಲೇಟು, ಟೈಟು ಮುಂತಾದ ಇಂಗ್ಲಿಷು ಚೆನ್ನಾಗಿ ಬರುತ್ತಿತ್ತು. ಸ್ಲೋ ಎಂದದ್ದು ಕಿವಿಗೆ ಬಿದ್ದದ್ದೇ ಅವರ ಮುಖ ಕೆಂಪಾಯಿತು.

"ಯಾರು ಹೇಳಿದ್ದು ನನ್ನ ಮಗಳು ಸ್ಲೋ ಅಂತ?"

"ನೀವೇ ಅಪ್ಪಾ," ಎಂದು ಪಿಸುಗುಟ್ಟಿದೆ.

"ನಾನು ಹೇಳ್ಬಹುದು. ಇವಳ್ಯಾರು ಹೇಳೋಕೆ?"

ನಾನು ಹಿಡಿದುಕೊಳ್ಳುವಷ್ಟರಲ್ಲಿ ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡೇ ಅವರು ಕ್ಯಾಮೆರಾದ ಮುಂದೆ ಹೋಗಿ ನಿಂತಿದ್ದರು. ಕನ್ನಡದಲ್ಲೇ ಶುರು ಮಾಡಿದರು.

"ನೋಡಿ ಡಾಕ್ಟ್ರೇ, ಇವಳು ನಿಧಾನ ಅಲ್ಲ. ಇವಳು ಕೈಯಿಟ್ಟ ಕೆಲಸಕ್ಕೆ ಇನ್ನೊಬ್ಬರು ಕೈಯಿಡೋ ಹಂಗಿರಲ್ಲ, ಅಷ್ಟೆ. ನನ್ನ ಅಂಗಡೀಲಿ ಎಷ್ಟೋ ಜನ ಕೆಲಸ ಕಲ್ತು ಹೋದ್ರು. ಯಾರ ಹೊಲಿಗೇನೂ ನಾನು ತಿರುಗಿಸಿ ನೋಡ್ದೆ ಗಿರಾಕಿಗೆ ಕೊಟ್ಟಿಲ್ಲ. ಇವಳು ರಜೇಲಿ ಬಂದು ಹೊಲಿದಿದ್ದನ್ನ ಮಾತ್ರ ನೋಡ್ದೆ ಮಡಿಸಿ ಕೊಟ್ಟಿದ್ದೀನಿ. ನಾನು ಕೈ ನಂಬ್ಕೊಂಡು ಬದುಕೋನು. ನಾಳೆ ಈ ಕೈ ತುಂಡಾದ್ರೆ ನನಗೆ ಯಾವ ದೊಡ್ಡ ಡಾಕ್ಟ್ರೂ ಬೇಡ. ಇವಳ ಮುಂದೆ ಚಾಚಿ ಕಣ್ಣು ಮುಚ್ಕೊಂಡು ಮಲಗ್ತೀನಿ."

ನನಗೆ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ವರ್ಷಗಟ್ಟಲೆ ಹೊಲಿಯುತ್ತಿರುವ ನನ್ನ ಒಂದೊಂದು ಕಾಜವನ್ನೂ ಈ ಮನುಷ್ಯ ಬೆಳಕಿಗೆ ಹಿಡಿದು ನೋಡುತ್ತಾರೆ.

"ಅವರು ಏನು ಹೇಳಿದರು?" ಎಂದಳು ಡಾಕ್ಟರಮ್ಮ.

ದೊರೆಸಾನಿ ತಲೆ ತಗ್ಗಿಸಿದಳು. "ನಾನು ಅಷ್ಟೇನೂ ನಿಧಾನ ಅಲ್ಲ ಅಂತಾರೆ," ಎಂದಳು.

"ಅಷ್ಟು ಉದ್ದದ ಮಾತಿಗೆ ಅಷ್ಟೇನಾ?"

ನನಗೆ ತಡೆಯಲಾಗಲಿಲ್ಲ. ಹೊಟ್ಟೆಯುರಿ ಪಕ್ಕಕ್ಕಿರಲಿ ಎಂದು ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿಕೊಂಡು, ಬಂದಷ್ಟು ಅಂಗಡಿ ಇಂಗ್ಲಿಷಿನಲ್ಲಿ ಅಪ್ಪನ ಮಾತನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಕೈ ಚಾಚುವಲ್ಲಿ ನನ್ನ ಕೈಯನ್ನೇ ಚಾಚಿ ತೋರಿಸಿದೆ.

ಡಾಕ್ಟರಮ್ಮ ಗಮನವಿಟ್ಟು ಕೇಳಿದಳು. ಆಮೇಲೆ ನಕ್ಕು, "ಅಪ್ಪಂದಿರು ಹೀಗೆ ಹೇಳಿಯೇ ಹೇಳುತ್ತಾರೆ. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನಗೆ ಬರುವ ಪತ್ರಗಳಲ್ಲಿ ಎಲ್ಲರೂ ಅಪ್ರತಿಮರೇ. ವಿದ್ಯಾರ್ಥಿಯನ್ನು ಇಷ್ಟು ಹತ್ತಿರದಿಂದ ನೋಡಿ ಬರೆದ ಪ್ರೊಫೆಸರನ್ನು ನಾನು ಇದೇ ಮೊದಲು ಕಂಡದ್ದು. ಅವರ ಮಾತನ್ನು ನಂಬಿ ನಿನ್ನನ್ನು ಕರೆಯುತ್ತಿದ್ದೇನೆ. ಬಾ. ಅವರಿಗೆ ನನ್ನ ವಂದನೆ ತಿಳಿಸು," ಎಂದಳು.

ನಾನು ಅದನ್ನು ಕನ್ನಡಕ್ಕೆ ತಂದೆ. ಅಪ್ಪ ಕೆರಳಿದರು. "ನನ್ನ ಮಾತು ಲೆಕ್ಕಕ್ಕಿಲ್ವಂತಾ? ಯಾವ ಪ್ರೊಫೆಸರು? ಅದನ್ನ ಬರೆಸಿದ್ದೇ ನಾ..." ಎನ್ನುವಷ್ಟರಲ್ಲಿ ಅಮ್ಮ ಮಂಚದಿಂದ ಕೈ ಚಾಚಿ ಅವರ ತೊಡೆ ಜಿಗುಟಿದಳು. ಅಪ್ಪ "ಥ್ಯಾಂಕ್ಯೂ" ಎಂದು ಹಲ್ಲು ಕಚ್ಚಿ ಹಿಂದೆ ಸರಿದರು.

ಪರದೆ ಆರಿತು. ಅಮ್ಮ ಚಪ್ಪಾಳೆ ತಟ್ಟಿದಳು. ದೊರೆಸಾನಿ ಮಾತ್ರ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ಬಚ್ಚಲಿಗೂ ಹೋಗದೆ, ಎಲ್ಲರೆದುರಿಗೆ.

"ಜಾಗ ಸಿಕ್ತಲ್ಲೇ, ಇನ್ಯಾಕೆ ಅಳು?" ಎಂದಳು ಅಮ್ಮ.

ಅವಳು ಅಪ್ಪನನ್ನೇ ನೋಡುತ್ತಿದ್ದಳು. "ಅಪ್ಪಾ, ನಿಜವಾಗ್ಲೂ ನನ್ನ ಹೊಲಿಗೆ ನೋಡ್ದೆ ಕೊಡ್ತಿದ್ರಾ?"

ಅಪ್ಪ ಮೇಜಿನ ಕೆಳಗೆ, ಕಿಟಕಿಯ ಬಳಿ, ಅಂಗಿಯ ಜೇಬಿನಲ್ಲಿ ಎಲ್ಲ ಕಡೆ ಸೀಮೆಸುಣ್ಣ ಹುಡುಕಿದರು. "ಅದು ಆ ಡಾಕ್ಟ್ರಿಗೆ ಹೇಳಿದ್ದು. ನಿನಗಲ್ಲ," ಎಂದು ಹೇಳಿ ಮೆಟ್ಟಿಲಿಳಿದು ಹೋದರು.

ಅವಳು ನನ್ನ ತೋಳು ಹಿಡಿದುಕೊಂಡಳು. "ಅಕ್ಕಾ, ಅಪ್ಪ ಹೇಳಿದ್ದನ್ನ ಇನ್ನೊಂದ್ಸಲ ಹೇಳೇ."

ಬೇರೆ ದಿನವಾಗಿದ್ದರೆ ಚೆನ್ನಾಗಿ ಸತಾಯಿಸುತ್ತಿದ್ದೆ. ಅವತ್ತು ಅವಳ ಪಕ್ಕ ಕೂತು, ಈ ಸಲ ಕನ್ನಡದಲ್ಲಿ, ಒಂದು ಮಾತನ್ನೂ ಬಿಡದೆ ಹೇಳಿದೆ.