ನಾಲ್ಕು ಬೆರಳು ಕಡಿಮೆ

ಸನ್ನಿವೇಲ್‌ನಲ್ಲಿ ರೈಲು ಹತ್ತಿದಾಗ ಬೆಳಗಿನ ಬಿಸಿಲು ಚುರುಗುಟ್ಟುತ್ತಿತ್ತು. ಜೊತೆಗಿದ್ದವರು ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯ ರಹಮತ್ ಸಾಬ್ರು. ಮಗಳ ಮನೆಗೆಂದು ಮೈಸೂರಿನಿಂದ ಬಂದವರು. ಅಲ್ಲಿ ನಲವತ್ತು ವರ್ಷ ಕೋವಿ ರಿಪೇರಿ ಮಾಡಿದವರು. ಸ್ಯಾನ್ ಫ್ರಾನ್ಸಿಸ್ಕೋದ ಹರಾಜು ಮಳಿಗೆಗೆ ಒಂದು ಹಳೇ ಕೋವಿ ಬಂದಿದೆ, ಗಿಡ, ಹಕ್ಕಿಗಳ ಅಧ್ಯಯನಕ್ಕೆಂದು ಭೂಮಿ ಸುತ್ತಿದ ಹಡಗಿನಲ್ಲಿ ಹೋಗಿಬಂದದ್ದು ಎಂದು ಅವರಿಗೆ ಆಸೆ ಹುಟ್ಟಿಸಿದ್ದು ನಾನೇ. ಹಿರಿಯರಿಗೆ ಅರ್ಧ ಟಿಕೆಟು, ಒಂದು ಗಂಟೆಗೆ ಮೇಲ್ಪಟ್ಟ ದಾರಿ. ನಡುದಾರಿಯ ಮಿಲ್‌ಬ್ರೇ ನಿಲ್ದಾಣ ಬರುವುದರೊಳಗೆ ಡಬ್ಬಿಯ ಚಿತ್ರಾನ್ನ ಖಾಲಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಾಗ ಮಂಜು, ಕೊರೆಯುವ ಗಾಳಿ. ಸಾಬ್ರು ಮಫ್ಲರು ಬಿಗಿದುಕೊಂಡರು.

ಹರಾಜಿಗೆ ಮುಂಚೆ ಎರಡು ದಿನ ಅಲ್ಲಿನ ವಸ್ತುಗಳನ್ನು ಯಾರು ಬೇಕಾದರೂ ಕೈಗೆತ್ತಿಕೊಂಡು ನೋಡಬಹುದು. ನಮ್ಮ ಮುಂದಿದ್ದವನು ಕೋವಿಯನ್ನು ತನ್ನ ಆರೇಳು ವರ್ಷದ ಮಗಳ ಹೆಗಲಿಗೆ ಆನಿಸಿ ನಿಲ್ಲಿಸಿದ. ಫೋಟೋ ತೆಗೆಯುತ್ತಿದ್ದ ಹೆಂಡತಿಯ ಎದೆಗೇ ಗುರಿ. ಮೇಜಿನ ಹಿಂದೆ ಬಿಳಿ ಗ್ಲೌಸು ಹಾಕಿದ್ದ ಹುಡುಗಿ ನಗುತ್ತಿದ್ದಳು. ಕೋತಿ ಕೈಗೆ ಮಾಣಿಕ್ಯ ಕೊಟ್ಟರೂ ವಾಸಿ, ಕೋತಿ ಅದನ್ನು ಯಾರ ಎದೆಗೂ ಹಿಡಿಯುವುದಿಲ್ಲ.

ಸರದಿ ಬಂದಾಗ ಸಾಬ್ರು ಅಂಗಡಿಯಲ್ಲಿ ಮಾಡುತ್ತಿದ್ದುದನ್ನೇ ಮಾಡಿದರು. ಅದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿ. ನಳಿಗೆಯ ಕೆಳಗಿನ ಕಡ್ಡಿಯನ್ನು, ಅವರ ಮಾತಿನಲ್ಲಿ ಗಜವನ್ನು, ಎಳೆದು ಒಳಗೆ ಇಳಿಬಿಟ್ಟರು. ಬಾಯಿಯ ಬಳಿ ಹೆಬ್ಬೆರಳಿಂದ ಗುರುತು ಹಿಡಿದು ಹೊರತೆಗೆದು, ನಳಿಗೆಯ ಹೊರಮೈಗೆ ಇಟ್ಟು ನೋಡಿದರು. ಖಾಲಿ ಕೋವಿಯಾದರೆ ಗಜ ಬುಡ ಮುಟ್ಟಬೇಕು. ಇಲ್ಲಿ ನಾಲ್ಕು ಬೆರಳು ಕಡಿಮೆ ಬಂತು.

"ಒಳಗೆ ಮದ್ದೈತೆ," ಎಂದರು ಮೆಲ್ಲಗೆ. "ಮೊದ್ಲು ಇದನ್ನ ಇಲ್ಲಿಂದ ಎತ್ತಿಸೋಕೆ ಹೇಳಿ. ಹಳೇ ಮದ್ದು, ಸಿಡಿಯಲ್ಲ ಅಂತ ನಂಬಂಗಿಲ್ಲ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಹುಡುಗಿಗೆ ಕೇಳಿಸಿದ್ದು ಒಂದೇ, ಈ ಗಡ್ಡದ ಮುದುಕ ಕೋವಿಯೊಳಗೆ ಏನೋ ತುರುಕಿದ ಎಂಬುದು. ಕಾವಲಿನವನು ಬಂದು ಸಾಬ್ರ ಕೈಯಿಂದ ಗಜ ಕಿತ್ತುಕೊಂಡ. ಮಳಿಗೆಯ ತಜ್ಞರು ಕೋವಿಯನ್ನು ಇಂಚಿಂಚೂ ನೋಡಿದ್ದಾರಂತೆ. ಎಂಥ ಮಣ್ಣಾಂಗಟ್ಟಿ ತಜ್ಞರು! ಮಗುವಿನ ಕೈಗೆ ಕೊಟ್ಟಾಗ ಬಾರದ ಕಾವಲಿನವನು ಈಗೆಲ್ಲಿಂದ ಬಂದ ಎಂದು ಕೇಳಿದೆ. ನಮಗೆ ಬಾಗಿಲು ತೋರಿಸಿದರು.

ವಾಪಸು ರೈಲಿನಲ್ಲಿ ನಾನು ಕುದಿಯುತ್ತಲೇ ಇದ್ದೆ. ಸನ್ನಿವೇಲ್‌ನಲ್ಲಿ ಇಳಿದು ಫೋನಿನಲ್ಲಿ ಆ ಮಳಿಗೆಯ ಪುಟ ತೆರೆದರೆ ಹೊಸ ಸಾಲು ಸೇರಿತ್ತು. ಯಾನದ ಕಾಲದ ಮದ್ದು ನಳಿಗೆಯಲ್ಲಿ ಇನ್ನೂ ಇರುವುದನ್ನು ತಮ್ಮ ತಜ್ಞರು ಪತ್ತೆ ಹಚ್ಚಿದ್ದಾರೆ, ಇಂಥದ್ದು ಬಲು ಅಪರೂಪ ಎಂದು. ಮೈಯೆಲ್ಲ ಉರಿದುಹೋಯಿತು. ದುಡಿದವರು ಯಾರೋ, ಮೆರೆಯುವವರು ಯಾರೋ. ಜೋರಾಗಿಯೇ ಓದಿ ಹೇಳಿದೆ.

"ಹೆಸರು ಬಿಡಿ," ಎಂದರು ಸಾಬ್ರು. "ಮದ್ದು ತೆಗೆದ್ರಂತಾ?"

ಮತ್ತೆ ಓದಿದೆ. ಇದ್ದಂತೆಯೇ ಮಾರುತ್ತಾರಂತೆ. ನಾಳೆಯೂ ಜನ ಬಂದು ಕೈಗೆತ್ತಿಕೊಂಡು ನೋಡಬಹುದಂತೆ.

ಸಾಬ್ರು ಮಫ್ಲರನ್ನು ಮತ್ತೆ ಕತ್ತಿಗೆ ಸುತ್ತಿಕೊಂಡು, ಎದುರಿನ ಪ್ಲಾಟ್‌ಫಾರಂ ಕಡೆ ನೋಡುತ್ತ ಕೇಳಿದರು: "ಅಲ್ಲಿಗೆ ವಾಪಸ್ ಹೋಗೋ ರೈಲು ಎಷ್ಟೊತ್ತಿಗೆ?"